ನಾರ್ವೆ ಹುಡುಗಿಯ ಸೊಟ್ಟ ಕಾಜಾ

ಯಾದಗಿರಿಯಲ್ಲಿ ಮೇ ತಿಂಗಳ ಮಟಮಟ ಮಧ್ಯಾಹ್ನ ಅಂಗಳದ ನಟ್ಟನಡುವೆ ಕುರ್ಚಿ ಹಾಕಿಕೊಂಡು, ಮುಖ ಮೇಲೆತ್ತಿ, ಕಣ್ಣು ಮುಚ್ಚಿ, 'ಆಹಾ!' ಎನ್ನುತ್ತ ಬಿಸಿಲು ಕಾಯಿಸಿಕೊಂಡ ಏಕೈಕ ಮನುಷ್ಯಪ್ರಾಣಿ ಹನ್ನೊಂದು ತಿಂಗಳು ನಮ್ಮ ಮನೆಯಲ್ಲಿತ್ತು. ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಆ ಹೊತ್ತಿನಲ್ಲಿ ನಮ್ಮೂರ ನಾಯಿಗಳೂ ಬೊಗಳುವ ಕೆಲಸವನ್ನು ಸಂಜೆಗೆ ಮುಂದೂಡಿರುತ್ತವೆ!

"ಏ ಹುಡುಗೀ, ಒಳಗ ಬಾ! ಸುಟ್ಟು ಹಪ್ಪಳ ಆಗ್ತಿ!" ಎಂದು ನನ್ನ ಅತ್ತೆ ಬಾಗಿಲ ಸಂದಿಯಿಂದ ಕೂಗಿದರು. ಏನೋ ಅಕ್ಕರೆಯ ಮಾತಿರಬೇಕೆಂದು ಹುಡುಗಿ ನಗುತ್ತ ಕೈ ಬೀಸಿದಳು. ಮೂರನೆಯ ದಿನಕ್ಕೆ ಅವಳ ಮೂಗು ಬೀಟ್‌ರೂಟ್ ಆಯಿತು. ಅತ್ತೆ ಅದಕ್ಕೆ ಮಜ್ಜಿಗೆ ಹಚ್ಚಿದರು. ಅಂದಿನಿಂದ ಬೇಸಿಗೆ ರಜೆ ಮುಗಿಯುವವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಾಗಿಲಿಗೆ ಒಳಗಿನಿಂದ ಬೀಗ. ಬೀಗದ ಕೈ ಅತ್ತೆಯ ಸೊಂಟದಲ್ಲಿ.

ಅವಳ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ. ನಮ್ಮ ಪಾಸ್ಟರ್ ಮೂರು ಭಾನುವಾರ ಆ ಹೆಸರನ್ನು ಮೂರು ಥರ ಉಚ್ಚರಿಸಿ, ನಾಲ್ಕನೆಯ ಭಾನುವಾರದಿಂದ 'ನಮ್ಮ ತಂಗಿ' ಎಂದು ಪಾರಾದರು. ಊರು ನಾರ್ವೆ ದೇಶದ ಉತ್ತರದ ತುದಿಯಲ್ಲಿ ಎಲ್ಲೋ. ಅಲ್ಲಿ ಚಳಿಗಾಲದ ಎರಡು ತಿಂಗಳು ಸೂರ್ಯ ಮುಖವನ್ನೇ ತೋರಿಸುವುದಿಲ್ಲವಂತೆ! ಹಾಗಿದ್ದ ಮೇಲೆ ನಮ್ಮೂರ ಬಿಸಿಲನ್ನು ಕಂಡು ಆಸೆಬುರುಕಿ ಆಗದೆ ಇನ್ನೇನು ಆಗುತ್ತಾಳೆ? ಅಲ್ಲಿನ ಚರ್ಚಿನವರು ಅವಳನ್ನು ಇಂಟರ್ನ್ ಎಂದು ನಮ್ಮ ಚರ್ಚಿಗೆ ಕಳಿಸಿದ್ದರು. ನಾನು ಚರ್ಚಿನ ಶಾಲೆಯಲ್ಲಿ ಕನ್ನಡ ಟೀಚರ್. ಮನೆಯಲ್ಲಿ ನಾನು, ಅತ್ತೆ ಇಬ್ಬರೇ. "ಒಂದು ಖೋಲಿ ಖಾಲಿ ಅದಲ್ರಿ ಟೀಚರ್, ನಿಮ್ಮ ಮನ್ಯಾಗೇ ಇರಲಿ" ಎಂದು ಪಾಸ್ಟರ್ ತೀರ್ಮಾನಿಸಿಬಿಟ್ಟರು.

"ಇಂಟರ್ನ್ ಅಂದ್ರ ಏನವ್ವಾ?" ಅತ್ತೆ ಕೇಳಿದರು.

"ಕೆಲಸ ಕಲಿಯಾಕ ಬಂದವರು, ಅತ್ತೀ."

"ಯಾಕ, ಅವರ ದೇಶದಾಗ ಕೆಲಸ ಇಲ್ಲೇನು?"

ಈ ಪ್ರಶ್ನೆಯನ್ನು ನಾನು ಇಂಟರ್ನ್‌ಗೇ ದಾಟಿಸಿದೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಬರುವ ಮುಂಚೆ ಅವಳು ಪುಸ್ತಕ ಇಟ್ಟುಕೊಂಡು ಆರು ತಿಂಗಳು ಕನ್ನಡ ಕಲಿತಿದ್ದಳು. ಎಂಥ ಕನ್ನಡ ಅಂತೀರಿ! ಮೊದಲ ವಾರ ಬಸ್ ನಿಲ್ದಾಣದ ಹೋಟೆಲಿನಲ್ಲಿ, "ತಾವು ದಯವಿಟ್ಟು ನನಗೆ ಒಂದು ಲೋಟ ನೀರನ್ನು ಕೊಡುವಿರಾ?" ಎಂದು ಕೇಳಿದಳು. ಮಾಲೀಕ ಗಾಬರಿಯಾಗಿ ಗಲ್ಲಾಪೆಟ್ಟಿಗೆಯಿಂದ ಎದ್ದು ನಿಂತ. "ಟೀಚರ್ರೀ, ಇವರು ಏನರ ತಪಾಸಣಿಗೆ ಬಂದಾರೇನ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿ, ನೀರಿನ ಜೊತೆ ಎರಡು ಮಿರ್ಚಿ ಭಜಿಯನ್ನೂ ಪುಕ್ಕಟೆ ಇಟ್ಟ.

ಆದರೆ ಆ ಕನ್ನಡ ಹೆಚ್ಚು ದಿನ ಬಾಳಲಿಲ್ಲ. ಅವಳ ಕೆಲಸ ಹೀಗಿತ್ತು: ದಿನಾ ಬೆಳಿಗ್ಗೆ ನಮ್ಮ ಶಾಲೆಯಲ್ಲಿ ಇಂಗ್ಲಿಷ್, ಮಂಗಳವಾರ ಶಹಾಪುರದ ಹೊಲಿಗೆ ತರಗತಿ, ಗುರುವಾರ ಸುರಪುರದಲ್ಲಿ ಮಕ್ಕಳಿಗೆ ಪಾಠ. ವಾರಕ್ಕೆರಡು ಸಲ ಒಂದೇ ಬಸ್ಸು, ಒಬ್ಬನೇ ಕಂಡಕ್ಟರ್. ಅವಳು ಕಂಡಕ್ಟರನ ಪಕ್ಕದ ಸೀಟಿನಲ್ಲೇ ಕೂತು, ಆತ ಬಾಯಿಬಿಟ್ಟಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ದಿನಾ ರಾತ್ರಿ ಊಟವಾದ ಮೇಲೆ ಕೂರಿಸಿಕೊಂಡು ವಿಭಕ್ತಿ ಪ್ರತ್ಯಯ ಕಲಿಸುತ್ತಿದ್ದೆ. ನನ್ನ ಇಪ್ಪತ್ತು ವರ್ಷದ ಅನುಭವವನ್ನು ಆ ಕಂಡಕ್ಟರ್ ಎರಡೇ ತಿಂಗಳಲ್ಲಿ ಗುಡಿಸಿ ಹಾಕಿದ!

ಗೊತ್ತಾದದ್ದು ಯಾವಾಗ? ದೂರದಿಂದ ಹಿರಿಯ ಪಾದ್ರಿಯೊಬ್ಬರು ನಮ್ಮ ಚರ್ಚಿಗೆ ಅತಿಥಿಯಾಗಿ ಬಂದ ಭಾನುವಾರ. ಬಿಳಿ ನಿಲುವಂಗಿ, ಗಂಭೀರ ಮುಖ. ಒಳಗೆ ಬರುವ ಮುಂಚೆ ಬಾಗಿಲಲ್ಲಿ ಒಂದು ಕ್ಷಣ ನಿಂತು ಸಭೆಯನ್ನು ನೋಡಿದರು. ಸ್ವಾಗತಕ್ಕೆಂದು ಹೂ ಹಿಡಿದು ನಿಂತಿದ್ದ ನಮ್ಮ ಹುಡುಗಿ ಗಟ್ಟಿಯಾಗಿ ಹೇಳಿದಳು:

"ಬಾಗಲ್ದಾಗ ನಿಂದರಬ್ಯಾಡ್ರಿ! ಒಳಗ ಸರೀರಿ, ಒಳಗ ಜಾಗಾ ಖಾಲಿ ಅದ!"

ಪಾದ್ರಿಗಳು ಎಷ್ಟು ಬೇಗ ಒಳಗೆ ಸರಿದರೆಂದರೆ, ಹಿಂದಿದ್ದ ನಮ್ಮ ಪಾಸ್ಟರೂ ಅವರ ಬೆನ್ನಿಗಂಟಿಕೊಂಡೇ ಬಂದುಬಿಟ್ಟರು. ಇಡೀ ಸಭೆ ಹಾಡಿನ ಪುಸ್ತಕದಲ್ಲಿ ಮುಖ ಹುದುಗಿಸಿ ನಕ್ಕಿತು. ಅವಳಿಗೆ ಮಾತ್ರ ಬಹಳ ಸಮಾಧಾನ. ಒಂದು ವಾಕ್ಯವೂ ತಪ್ಪಿರಲಿಲ್ಲ ನೋಡಿ!

ಆ ಕಂಡಕ್ಟರನ ಮಾತಿಗೆ ಅವಳು ಎಷ್ಟು ವಿಧೇಯಳೆಂಬುದು ಕುರಿಮರಿಯ ದಿನ ತಿಳಿಯಿತು. ಸುರಪುರದ ಬಸ್ ನಿಲ್ದಾಣದಲ್ಲಿ ಕುರಿ ಸಾಕುವ ಹೆಂಗಸೊಬ್ಬಳು, "ಯವ್ವಾ, ಒಂದೀಟು ಇದನ್ನ ಹಿಡ್ಕೋ, ನೀರು ಕುಡ್ದು ಬರ್ತೀನಿ" ಎಂದು ವಾರದ ಮರಿಯೊಂದನ್ನು ಅವಳ ತೆಕ್ಕೆಗೆ ಕೊಟ್ಟು ಹೋದಳು. ಅಷ್ಟರಲ್ಲಿ ಬಸ್ಸು ಬಂತು. "ಹತ್ರಿ ಹತ್ರಿ, ಲಗೂನ ಹತ್ರಿ!" ಎಂದು ಕಂಡಕ್ಟರ್ ಕೂಗಿದ. ಇವಳು ಹತ್ತಿದಳು. ಮರಿಯೂ ಬಂತು! ಶಹಾಪುರ ದಾಟಿದ ಮೇಲೆ ಅದು 'ಬ್ಯಾ' ಎಂದಾಗಲೇ ಅವಳಿಗೂ ಕಂಡಕ್ಟರನಿಗೂ ತಪ್ಪಿನ ಅರಿವಾದದ್ದು.

ಸಂಜೆ ಕುರಿಮರಿ ಎತ್ತಿಕೊಂಡು ಬಾಗಿಲಲ್ಲಿ ನಿಂತವಳನ್ನು ಅತ್ತೆ ಮೇಲಿಂದ ಕೆಳಗೆ ನೋಡಿದರು. "ಕಳಕೊಂಡ ಕುರಿ ಹುಡುಕಿ ತಂದವರ ಸುದ್ದಿ ಕೇಳೀನಿ. ಮಂದಿ ಕುರಿ ಕಳೆದು ತಂದಾಕಿ ನೀನೇ ಮೊದಲನೇದಾಕಿ!" ಅಂದರು. ಆಮೇಲೆ ಬಾಟಲಿಯಲ್ಲಿ ಹಾಲು ಹಾಕಿ ಅವರೇ ಕುಡಿಸಿದರು. ಮರುದಿನ ಬೆಳಿಗ್ಗೆ ಮರಿ ಅದೇ ಬಸ್ಸಿನಲ್ಲಿ, ಕಂಡಕ್ಟರನ ಪಕ್ಕದ ಸೀಟಿನಲ್ಲಿ, ಇವಳ ತೊಡೆಯ ಮೇಲೆ ಕೂತು ಸುರಪುರಕ್ಕೆ ಮರಳಿತು. ಬೈಸಿಕೊಳ್ಳಲು ಸಿದ್ಧಳಾಗಿ ಹೋದವಳನ್ನು ಆ ಹೆಂಗಸು ಮನೆಗೆ ಕರೆದೊಯ್ದು ರೊಟ್ಟಿ, ಪುಂಡಿಪಲ್ಯ ಉಣಿಸಿ ಕಳಿಸಿದಳು.

ಇಂಥವಳಿಗೆ ಶಹಾಪುರದ ಹೊಲಿಗೆ ತರಗತಿಯಲ್ಲಿ ವಹಿಸಿದ್ದ ಕೆಲಸ ಏನು ಗೊತ್ತೇ? ಮಹಿಳೆಯರಿಗೆ ನಾಯಕತ್ವ ತರಬೇತಿ! ಮೊದಲ ಮಂಗಳವಾರ 'ನಾಯಕತ್ವದ ಐದು ಗುಣಗಳು' ಎಂದು ದಪ್ಪ ಚಾರ್ಟಿನ ಮೇಲೆ ಬರೆದುಕೊಂಡು ಹೋಗಿದ್ದಳು. ಹೊಲಿಗೆ ಕಲಿಸುವ ಮಹಬೂಬಿ ಖಾಲಾ ಆ ಚಾರ್ಟನ್ನು ಬೆರಳಲ್ಲಿ ಮುಟ್ಟಿ, "ಮಾಶಾಲ್ಲಾ, ಕಾಗದ ಭಾಳ ಚಲೋ ಅದ" ಎಂದು ಮೆಚ್ಚಿದರು. ಎರಡನೆಯ ಮಂಗಳವಾರದ ಹೊತ್ತಿಗೆ ಐದೂ ಗುಣಗಳು ರವಿಕೆಯ ತೋಳಿನ ಅಳತೆಗೆ ಕತ್ತರಿಸಲ್ಪಟ್ಟಿದ್ದವು. ನಮ್ಮ ಹುಡುಗಿ ಬೇಸರಪಡಲಿಲ್ಲ. ಖಾಲಾ ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತು, "ನನಗೂ ಕಲಸ್ರಿ" ಎಂದಳು. ಅಲ್ಲಿಗೆ ತರಬೇತಿ ತಿರುಗುಮುರುಗಾಯಿತು.

ತೊಂದರೆ ಬಂದದ್ದು ತಿಂಗಳ ವರದಿಯಿಂದ. ಪ್ರತಿ ತಿಂಗಳು ಅವಳು ತನ್ನ ದೇಶದ ಕಚೇರಿಗೆ ಮಾಡಿದ ಕೆಲಸದ ವರದಿ ಕಳಿಸಬೇಕು. ಈ ಹುಡುಗಿಗೆ ಸುಳ್ಳು ಬರೆಯಲು ಬರುವುದಿಲ್ಲ! 'ಈ ತಿಂಗಳು ಬಹಳ ಮನೆಗಳಲ್ಲಿ ಚಹಾ ಕುಡಿದೆ. ಒಂದು ಕುರಿಮರಿಯನ್ನು ತಪ್ಪಾಗಿ ತಂದೆ. ಕಾಜಾ ಹೊಲಿಯಲು ಕಲಿಯುತ್ತಿದ್ದೇನೆ. ಅಂದರೆ ಗುಂಡಿ ತೂರಿಸುವ ರಂಧ್ರ.' ಇಷ್ಟೇ.

"ತಂಗೀ, ಸ್ವಲ್ಪ ದೊಡ್ಡದಾಗಿ ಬರಿ" ಎಂದೆ. ಅವಳು ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದಳು.

ಏಳನೆಯ ತಿಂಗಳಿಗೆ ಕಚೇರಿಯ ತಾಳ್ಮೆ ಮುಗಿಯಿತು. ಮೇಲ್ವಿಚಾರಕರೊಬ್ಬರು ಬಂದು ನೋಡುತ್ತಾರೆ, ಕೆಲಸ ಸಮಾಧಾನ ತರದಿದ್ದರೆ ಅವಳನ್ನು ಬೇರೆ ದೇಶಕ್ಕೆ ವರ್ಗ ಮಾಡುತ್ತಾರೆ ಎಂದು ಪತ್ರ ಬಂತು. ಆ ವಾರ ಅವಳು ಸರಿಯಾಗಿ ಉಣ್ಣಲಿಲ್ಲ. "ಎರಡು ರೊಟ್ಟಿ ತಿನ್ನಾಕಿ, ಅರ್ಧ ಬಿಟ್ಟು ಏಳಾಕತ್ಯಾಳ" ಎಂದು ಅತ್ತೆ ಚಡಪಡಿಸಿದರು. ನನಗೂ ಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಅವರು ಕಳಿಸಿದಾಗ ನಮಗೆ ಬೇಡವೆನಿಸಿದ್ದ ಅತಿಥಿ. ಈಗ ಕರೆದುಕೊಂಡು ಹೋಗುತ್ತೇವೆ ಅಂದರೆ ಯಾರು ಸಹಿಸಿಕೊಳ್ಳುತ್ತಾರೆ?

ಮಂಗಳವಾರ ಮೇಲ್ವಿಚಾರಕರನ್ನು ಶಹಾಪುರಕ್ಕೆ ಕರೆದೊಯ್ದೆವು. ತೆಳ್ಳಗೆ ಎತ್ತರದ ಮನುಷ್ಯ, ಕೈಯಲ್ಲಿ ನೀಲಿ ಫೈಲು. ಅವರ ಇಂಗ್ಲಿಷನ್ನು ಕನ್ನಡಕ್ಕೆ, ಹೆಂಗಸರ ಕನ್ನಡವನ್ನು ಇಂಗ್ಲಿಷಿಗೆ ಮಾಡುವ ಕೆಲಸ ನನ್ನದು.

"ಇವರಿಂದ ನೀವು ಏನು ಕಲಿತಿರಿ?" ಎಂದು ಅವರು ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

ಖಾಲಾ ತುಟಿಯಲ್ಲಿ ಹಿಡಿದಿದ್ದ ಸೂಜಿ ತೆಗೆದು, "ಏನೂ ಇಲ್ರೀ ಟೀಚರ್. ಬಂದಾಗ ಸೂಜ್ಯಾಗ ದಾರ ಪೋಣಿಸಾಕೂ ಬರ್ತಿರಲಿಲ್ಲ ಬೇಟಿಗೆ. ಆ ದಾರ ತೋರಿಸಿದಾಕಿನೂ ನಾನೇ" ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಈ ಹುಡುಗಿ ತಮ್ಮ ಬಾಳಿಗೆ ಹೊಸ ದಾರಿ ತೋರಿಸಿದ್ದಾಳೆ ಎನ್ನುತ್ತಿದ್ದಾರೆ." ದಾರ ಎಂದದ್ದು ದಾರಿಯಾಯಿತು. ಒಂದು ಗುಡಿಸಿನ ವ್ಯತ್ಯಾಸ, ಅದನ್ನೂ ಕನ್ನಡ ಟೀಚರಿಗೆ ಬಿಟ್ಟುಕೊಡಬಾರದೇ?

"ಅಕ್ಕಾ, ಖಾಲಾ ಹಂಗ ಅಂದಿಲ್ರಿ" ಎಂದಳು ನಮ್ಮ ಸತ್ಯವಂತೆ! ಎಂದು ಸುಮ್ಮನಾಗಲಿಲ್ಲ, ಖಾಲಾ ಹೇಳಿದ್ದನ್ನು ಅಕ್ಷರ ಬಿಡದೆ ತಾನೇ ತನ್ನ ಭಾಷೆಯಲ್ಲಿ ಅವರಿಗೆ ಹೇಳಿಬಿಟ್ಟಳು. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ?

ಮೇಲ್ವಿಚಾರಕರು ಫೈಲು ಮುಚ್ಚಿದರು. "ಹಾಗಾದರೆ ಇವಳನ್ನು ಬೇರೆ ಕಡೆ ಕಳಿಸಬಹುದೇ, ಕೇಳಿ" ಎಂದರು. ಕೇಳಿದೆ. ಹೊಲಿಗೆ ಯಂತ್ರಗಳೆಲ್ಲ ಒಂದೊಂದಾಗಿ ನಿಂತವು. ಖಾಲಾ ಆ ಮನುಷ್ಯನ ಮುಂದೆ ಹೋಗಿ ನಿಂತರು.

"ಯಾಕ್ರೀ? ಆಕಿ ಕಾಜಾ ಇನ್ನಾ ಸೊಟ್ಟ ಬರಾಕತ್ತಾವ. ಕಲಿಯೋ ಹುಡುಗಿನ್ನ ಅರ್ಧಕ್ಕ ಬಿಡಿಸಿ ಕರ್ಕೊಂಡು ಹೋಗ್ತೀರೇನು? ನಾಳೆ ಮಂದಿ 'ಇಂಥಾ ಹೊಲಿಗಿ ಯಾರು ಕಲಿಸ್ಯಾರವ್ವಾ' ಅಂತ ಕೇಳಿದ್ರ ಮರ್ಯಾದಿ ಹೋಗೋದು ನಂದು!"

ಈ ಸಲ ನಾನು ಒಂದಕ್ಷರವೂ ಬದಲಿಸಲಿಲ್ಲ. ಆ ಮನುಷ್ಯ ಹುಡುಗಿಯ ಕೈಲಿದ್ದ ಬಟ್ಟೆ ತೆಗೆದುಕೊಂಡು, ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ನಿಜ. ಸೊಟ್ಟಗಿವೆ" ಎಂದರು. ಆಮೇಲೆ ಅವರೇ ನಗಲು ಶುರುಮಾಡಿದರು. ಚಹಾ ಬಂತು, ಕುಡಿದರು. ಇನ್ನೊಂದು ಬಂತು, ಅದನ್ನೂ ಕುಡಿದರು. ಹುಡುಗಿ ಪೂರ್ತಿ ಅವಧಿ ಮುಗಿಸಿಯೇ ಹೋಗಲಿ ಎಂದು ಬರೆದರು. ಆ ರಾತ್ರಿ ಅವಳು ನಾಲ್ಕು ರೊಟ್ಟಿ ತಿಂದಳು.

ಹೀಗೆ ನಮ್ಮನ್ನೆಲ್ಲ ನಗಿಸಿದವಳು ಒಂದು ಭಾನುವಾರ ನಮ್ಮಿಬ್ಬರನ್ನು ಅಳಿಸಿಯೂಬಿಟ್ಟಳು. ಚರ್ಚು ಮುಗಿಸಿ ಬಂದು ಮೂವರೂ ಊಟಕ್ಕೆ ಕೂತಿದ್ದೆವು. ಸಾರು ಹಾಕಿಸಿಕೊಳ್ಳುತ್ತ, ಏನೋ ಸಾಮಾನ್ಯ ವಿಷಯ ಕೇಳುವ ಹಾಗೆ ಅತ್ತೆಯನ್ನು ಕೇಳಿದಳು: "ಆಯೀ, ನಿಮ್ಮ ಮಗ ಹೆಂಗ ನಗ್ತಿದ್ರು?"

ಅತ್ತೆಯ ಕೈಲಿದ್ದ ಸೌಟು ನಿಂತಿತು. ನನ್ನ ಗಂಡ ತೀರಿಕೊಂಡು ಆಗ ಮೂರು ವರ್ಷ. ಆ ಮೂರು ವರ್ಷದಲ್ಲಿ ಅತ್ತೆಯಾಗಲಿ ನಾನಾಗಲಿ ಒಬ್ಬರೆದುರು ಒಬ್ಬರು ಅವರ ಸುದ್ದಿ ಎತ್ತಿರಲಿಲ್ಲ. ಅತ್ತೆ ಅತ್ತಾರೆಂದು ನಾನು, ನಾನು ಅತ್ತೇನೆಂದು ಅತ್ತೆ. ನೆಂಟರು ಬಂದರೂ ನಮ್ಮ ಮುಖ ನೋಡಿ ಮಾತು ಬದಲಿಸುತ್ತಿದ್ದರು. ಈ ಹುಡುಗಿಗೆ ಅದೆಲ್ಲ ಯಾರೂ ಹೇಳಿಕೊಟ್ಟಿರಲಿಲ್ಲ.

ಅತ್ತೆ ಸೌಟನ್ನು ಪಾತ್ರೆಗೆ ಇಳಿಸಿ ಹೇಳಿದರು: "ಭಾಳ ಕೆಟ್ಟ ನಗು ಅವ್ವಾ ಅವಂದು. ಕುದುರಿ ಕೆನೆದಂಗ!"

ನನಗೆ ಕಣ್ಣೀರು ಬರುವ ಮುಂಚೆ ನಗು ಬಂತು. "ಹೌದು ಅತ್ತೀ! ಮದುವಿ ದಿನ ಫೋಟೋ ತೆಗಿಯಾವ 'ದಯಮಾಡಿ ನಗಬ್ಯಾಡ್ರಿ ಸರ್' ಅಂತ ಕೈ ಮುಗಿದಿದ್ದ!"

"ಹೌದೇನು? ನನಗ ಹೇಳೇ ಇಲ್ಲ!" ಎಂದು ಅತ್ತೆ ನಕ್ಕರು. ನಗುತ್ತಲೇ ಸೆರಗು ಕಣ್ಣಿಗೊತ್ತಿಕೊಂಡರು. ನಾನು ಅವರ ಪಕ್ಕಕ್ಕೆ ಸರಿದೆ. ಅವರು ಒಂದು ಹೇಳಿದರೆ ನಾನೊಂದು. ಅನ್ನ ಆರಿತು, ಸಾರು ಕೆನೆಗಟ್ಟಿತು, ಸಂಜೆಯ ಚಹಾದ ಹೊತ್ತೂ ಮೀರಿತು.

ಹುಡುಗಿ ತನ್ನ ದೇಶಕ್ಕೆ ಮರಳಿ ಈಗ ಏಳು ತಿಂಗಳಾಯಿತು. ನಿನ್ನೆ ಊಟಕ್ಕೆ ಕೂತಾಗ ಅತ್ತೆ, "ಥೂ, ನನ್ನ ಮಗ ಇದ್ದಿದ್ರ ಈ ಸಾರು ಬಾಯಿಗೆ ಹಚ್ತಿರಲಿಲ್ಲ" ಎಂದು ಮುಖ ಸಿಂಡರಿಸಿದರು.

ನಾನೇನು ಬಿಡುತ್ತೇನೆಯೇ? "ನಿಮ್ಮ ಮಗ ಇದನ್ನೇ ಮೂರು ಸಲ ಹಾಕಿಸ್ಕೊಂಡು ಉಣ್ತಿದ್ರು, ಅತ್ತೀ!" ಎಂದೆ.

"ಸುಳ್ಳು ಹೇಳಬ್ಯಾಡ" ಎಂದು ಅತ್ತೆ ತಟ್ಟೆ ಮುಂದೆ ಚಾಚಿದರು. "ಹಾಕು ಇನ್ನೊಂದೀಟು."