ಅಟ್ಟಣೆಗೆ ಮೂರು ವಾರ

"ಇವತ್ತು ಎತ್ತೋದು ಅಂದ್ರೆ ಎತ್ತೋದೇ," ಎಂದ ವೆಂಡೆಲ್, ತೊಡೆಯುದ್ದದ ರಬ್ಬರ್ ಬೂಟಿಗೆ ಕಾಲು ತೂರಿಸುತ್ತ.

ಎತ್ತಬೇಕಾಗಿದ್ದದ್ದು ಹಿತ್ತಲಿನಿಂದ ಸರೋವರದೊಳಕ್ಕೆ ಚಾಚಿದ್ದ ಮರದ ಅಟ್ಟಣೆ. ನೀರು ಹೆಪ್ಪುಗಟ್ಟಿದರೆ ಅದರ ಕಾಲು ಮುರಿಯುತ್ತದೆಂದು ಮಿನೆಸೋಟದ ಆ ದಡದವರೆಲ್ಲ ಸೆಪ್ಟೆಂಬರಿನ ಕೊನೆಯ ಶನಿವಾರ ಅಟ್ಟಣೆ ಬಿಚ್ಚುತ್ತಿದ್ದರು. ವೆಂಡೆಲ್‌ನ ಹೆಂಡತಿ ಆರ್ಡಿಸ್‌ಗೆ ಮಾತ್ರ ಅದು ಇನ್ನೂ ಬೇಕಾಗಿತ್ತು. ಗಂಡ ದೋಣಿ ಹತ್ತಿ ನಡುನೀರಿಗೆ ಹೋದ ಮೇಲೆ ಅವಳು ದಿನಾ ಅದರ ತುದಿಯಲ್ಲಿ ಕೂತು ಗಾಳ ಹಾಕುತ್ತಿದ್ದಳು. ಅದು ಅವನಿಗೆ ಗೊತ್ತಿರಲಿಲ್ಲ.

"ಬಾತುಕೋಳಿಗಳು ಅದರ ಮೇಲೆ ಕೂರ್ತಾವೆ, ಪಾಪ," ಎಂದಳು.

"ನಿನ್ನೆ ಅವನ್ನ ಪೊರಕೇಲಿ ಓಡಿಸ್ತಿದ್ದೆ!"

"ಬಿಸಿಲು ಇನ್ನೂ ಚೆನ್ನಾಗಿದೆ."

"ಆರ್ಡಿಸ್." ವೆಂಡೆಲ್ ಬೂಟು ಕಳಚಿ ಕೆಳಗಿಟ್ಟ. "ನಾನು ಭಾರ ಎತ್ತಬಾರದು ಅಂತ ತಾನೇ ಈ ನಾಟಕ? ಮೊನ್ನೆ ಎದೆ ಪರೀಕ್ಷೆ ಮಾಡಿದ ಡಾಕ್ಟರು ಫೋನ್ ಮಾಡಿದ್ರಾ?"

"ಇಲ್ಲಪ್ಪ."

"ಮುಚ್ಚಿಡಬೇಡ. ಇನ್ನೆಷ್ಟು ದಿನ, ನೇರವಾಗಿ ಹೇಳಿಬಿಡು."

ಆರ್ಡಿಸ್ ಕಿಟಕಿಯಾಚೆ ಅಟ್ಟಣೆಯನ್ನೇ ನೋಡುತ್ತಿದ್ದಳು. "ಮೂರು ವಾರ."

ಅವನು ಕುರ್ಚಿಗೆ ಕುಸಿದ. "ಮೂರೇ?"

"ನಾಲ್ಕಾದ್ರೆ ಒಳ್ಳೇದು. ಮಂಜು ಬಿದ್ದ ಮೇಲೆ ಪಕ್ಕದ ಮನೆ ಓರಿನ್‌ನ ಕರೆದು ಸಾಗಿಸಿಬಿಡೋಣ."

"ಓರಿನ್‌ಗೂ ಹೇಳಿದ್ದೀಯಾ?"

ದನಿ ನಡುಗಿದ್ದು ಕೇಳಿ ಅವಳು ತಿರುಗಿ ನೋಡಿದಳು. ಅವನ ಮುಖ ಬೂದಿಯಂತಾಗಿತ್ತು.

"ಅಯ್ಯೋ, ನಿನಗಲ್ಲ ಮಾರಾಯ, ಅಟ್ಟಣೆಗೆ!" ಇನ್ನು ಮುಚ್ಚಿಡುವುದು ಪಾಪವೆನಿಸಿತು. "ಶುಕ್ರವಾರ ಎಣ್ಣೇಲಿ ಕರೀತಿದ್ದ ಮೀನು ಅಂಗಡಿದಲ್ಲ. ಅಟ್ಟಣೆ ತುದೀಲಿ ಹಿಡಿದದ್ದು. ನಾನು."

ವೆಂಡೆಲ್ ಕುರ್ಚಿಯಿಂದ ಎದ್ದ.

"ಅಂಗಡಿ ಮೀನು ತಿನ್ನೋ ಗತಿ ಬಂತಲ್ಲ ಅಂತ ತಲೆ ತಗ್ಗಿಸ್ಕೊಂಡು ತಿಂದೆನಲ್ಲೇ!"

"ತಗ್ಗಿಸ್ಕೊಂಡೇ ಎರಡೆರಡು ಸಲ ಬಡಿಸ್ಕೊಂಡೆ."

"ನಡುನೀರಿನ ಆಳದ ಗುಂಡೀಲಿ ಒಂದೂ ಇಲ್ಲ, ದಡದಲ್ಲಿ ಹೇಗೆ?"

"ರಾತ್ರಿ ಚಳಿ ಹಿಡೀತು. ಮರಿಮೀನು ದಡಕ್ಕೆ ಬಂದ್ವು, ಅವನ್ನ ತಿನ್ನೋಕೆ ದೊಡ್ಡವು ಬಂದ್ವು. ನೀನೊಬ್ಬನೇ ಇನ್ನೂ ಜುಲೈನ ಬೇಸಿಗೇಲಿ ಕೂತಿದ್ದೀಯ."

"ಹೇಳಬಾರದಾಗಿತ್ತೇ?"

"ನಲವತ್ತೊಂದು ವರ್ಷದಲ್ಲಿ ನಿನ್ನ ಗುಂಡಿ ಎಲ್ಲಿದೆ ಅಂತ ನನಗೆ ಹೇಳಿದ್ದೀಯಾ?"

"ಜಾಗ ಯಾರಿಗೂ ಹೇಳಬಾರದು ಕಣೇ."

"ನೀನು ಕಲಿಸಿದ್ರಲ್ಲಿ ಅದೊಂದೇ ನೆಟ್ಟಗೆ ಕಲಿತದ್ದು." ಅವಳು ಮೆಲ್ಲಗೆ ಸೇರಿಸಿದಳು: "ಹೇಳಿದ್ರೆ ನೀನೂ ಕುರ್ಚಿ ತಂದು ಹಾಕ್ಕೊಂಡು, ದಾರ ಹೀಗೆ ಬಿಡು, ಹಾಗೆ ಎಳಿ ಅಂತಿದ್ದೆ. ಆ ಒಂದು ಗಂಟೆ ನನ್ನದಾಗಿತ್ತು, ವೆಂಡೆಲ್."

ಅಷ್ಟರಲ್ಲಿ ಹಿಂಬಾಗಿಲಲ್ಲಿ ಓರಿನ್ ಪಾನಾ ಹಿಡಿದು ನಿಂತ. ದಡದ ಮೀನಿನ ಸುದ್ದಿ ಅವನ ಕಿವಿಗೆ ಬಿದ್ದರೆ ಸಂಜೆಯೊಳಗೆ ಆರು ದೋಣಿ ಬಂದು ನಿಲ್ಲುತ್ತವೆ. ಆರ್ಡಿಸ್ ಉಸಿರು ಹಿಡಿದಳು.

"ಮೀನು ಗೀನು?" ಅಂದ ಓರಿನ್, ವಾಡಿಕೆಯಂತೆ.

"ಮೂರು ವಾರದಿಂದ ಒಂದೂ ಇಲ್ಲ," ಅಂದ ವೆಂಡೆಲ್. ಮೀನಿನ ವಿಷಯದಲ್ಲಿ ಅವನು ನೆರೆಯವನಿಗೆ ಹೇಳಿದ ಮೊದಲ ನಿಜ ಅದು.

"ಸರಿ, ಅಟ್ಟಣೆ ಬಿಚ್ಚೋಣ?"

ವೆಂಡೆಲ್ ಹೆಂಡತಿಯ ಕಡೆ ನೋಡಲಿಲ್ಲ. "ಈಗ ಬೇಡ. ಭಾರ ಎತ್ತಬೇಡ ಅಂದಿದ್ದಾರೆ ಡಾಕ್ಟರು. ಮೂರು ವಾರ."

ಓರಿನ್ ಟೋಪಿ ತೆಗೆದ. "ಛೆ. ಗೊತ್ತೇ ಇರಲಿಲ್ಲ. ನಮ್ಮವಳ ಕೈಲಿ ತಿನ್ನೋಕೆ ಏನಾದ್ರೂ ಮಾಡಿಸಿ ಕಳಿಸ್ತೀನಿ," ಎಂದು, ರೋಗಿಯ ಮನೆಯಿಂದ ಹೋಗುವವನಂತೆ ಸದ್ದಾಗದ ಹಾಗೆ ಮೆಟ್ಟಿಲಿಳಿದು ಹೋದ.

ವೆಂಡೆಲ್ ಬೂಟನ್ನು ಮತ್ತೆ ಗೂಟಕ್ಕೆ ನೇತುಹಾಕಿದ. ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ:

"ನಾಳೆ ನಾನೂ ಬಂದು ಕೂರಲಾ? ಬಾಯಿ ಬಿಡಲ್ಲ."

ಆರ್ಡಿಸ್ ಎರಡು ಲೋಟಕ್ಕೆ ಕಾಫಿ ಬಗ್ಗಿಸಿದಳು.

"ಕೂತ್ಕೋ. ಗಾಳ ಮಾತ್ರ ಮುಟ್ಟಬೇಡ. ಅಲ್ಲಿ ಬೀಳೋ ಮೀನು ಆರಾರು ಪೌಂಡು, ನಿನಗೆ ಡಾಕ್ಟರು ಭಾರ ಎತ್ತಬಾರದು ಅಂದಿದ್ದಾರಲ್ಲ."