ಗುಡ್ಡದ ದನ ಕಾಣುತ್ತೆ, ಕೈಯ ಸ್ಕ್ರೂ ಕಾಣಲ್ಲ

ಐವತ್ತು ದಾಟಿದ ಫಿಟ್ಟರನ ಬದುಕಿನಲ್ಲಿ ನಗುವಿಗೆ ಬರವಿಲ್ಲ. ಒಂದು ಪ್ರಸಂಗ ಮರೆಯುವಷ್ಟರಲ್ಲಿ ಇನ್ನೊಂದು ಅಂಗಡಿ ಬಾಗಿಲಿಗೆ ಬಂದು ನಿಂತಿರುತ್ತದೆ.

ನನ್ನದು ಸಕಲೇಶಪುರದಲ್ಲಿ ಒಂದೇ ಶೆಟರಿನ ಅಂಗಡಿ. ಕಳೆ ಹೊಡೆಯುವ ಮೆಷಿನ್ನು, ಔಷಧಿ ಪಂಪು, ಮರ ಕೊಯ್ಯುವ ಮೆಷಿನ್ನು ಇವುಗಳ ರಿಪೇರಿ ನನ್ನ ಕಸುಬು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೆಟ್ಟರೆ ಎಸ್ಟೇಟಿಗೇ ಹೋಗಿ ಸರಿ ಮಾಡಿ ಬರುತ್ತೇನೆ. ಈಗ ಕೆಲವು ವರ್ಷಗಳಿಂದ ನನ್ನ ಕಣ್ಣು ಒಂದು ವಿಚಿತ್ರ ಆಟ ಶುರು ಮಾಡಿದೆ. ಅಂಗಡಿ ಮುಂದೆ ನಿಂತರೆ ಹೊಳೆಯಾಚೆ ಗುಡ್ಡದಲ್ಲಿ ಮೇಯುವ ದನದ ಕೊಂಬು ಕಾಣುತ್ತದೆ. ಅಂಗೈಯಲ್ಲಿರುವ ಸ್ಕ್ರೂವಿನ ಗೀರು ಮಾತ್ರ ಕಾಣುವುದಿಲ್ಲ. ಗುಡ್ಡದ ದನ ಕಟ್ಟಿಕೊಂಡು ನನಗೇನಾಗಬೇಕು? ಬೇಕಾದ್ದನ್ನು ಬಿಟ್ಟು ಬೇಡದ್ದನ್ನೇ ಸ್ಪಷ್ಟವಾಗಿ ತೋರಿಸುವುದು ಕಣ್ಣಿಗೆ ಯಾರು ಹೇಳಿಕೊಟ್ಟ ಬುದ್ಧಿಯೋ ಎಂದು ಯೋಚಿಸುತ್ತಾ ಕೂತಿದ್ದೂ ಉಂಟು.

ಕನ್ನಡಕ ಹಾಕಿಕೊಳ್ಳಿ ಎಂದು ಹೆಂಡತಿ ಹೇಳುತ್ತಲೇ ಇದ್ದಳು. ನಾನು ಒಪ್ಪಲಿಲ್ಲ, ಅದಕ್ಕೆ ಕಾರಣವಿತ್ತು. ದೋಣಿಗಲ್ ಕಡೆಯ ಒಂದು ದೊಡ್ಡ ಎಸ್ಟೇಟಿನ ಪಲ್ಪರ್ ನನ್ನ ಗುರುಗಳ ಕಾಲದಿಂದ ನಮ್ಮ ಕೈಯಲ್ಲೇ ಇದೆ. ಅಲ್ಲಿಗೆ ಹೊಸದಾಗಿ ಬಂದ ಮ್ಯಾನೇಜರ್, "ಫಿಟ್ರಿಗೆ ವಯಸ್ಸಾಯ್ತಲ್ವಾ? ಹೊರಗಿಂದ ಯಾರನ್ನಾದ್ರೂ ಕರ್ಸೋಣ" ಎಂದು ಮಾಲೀಕರ ಕಿವಿಗೆ ಹಾಕಿದ್ದರಂತೆ. ಅಂಥ ಹೊತ್ತಿನಲ್ಲಿ ನಾನು ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು ಹೋದರೆ ಅವರ ಮಾತಿಗೆ ನಾನೇ ಸಾಕ್ಷಿ ಹೇಳಿದಂತೆ ಆಗುತ್ತಿತ್ತು. ಆ ಕೆಲಸ ತಪ್ಪಿದರೆ ಉಳಿದ ಎಸ್ಟೇಟುಗಳೂ ಒಂದೊಂದಾಗಿ ಜಾರಿಹೋಗುತ್ತವೆ ಎಂಬ ಭಯ ನನಗೆ ನಿಜವಾಗಿಯೂ ಇತ್ತು.

ಗಟ್ಟಿ ಮೆಣಸು

ಪಾಳ್ಯದ ಕಡೆಯ ರೈತರೊಬ್ಬರು ಬೆನ್ನಿಗೆ ಹಾಕುವ ಔಷಧಿ ಪಂಪು ತಂದರು. ಅದರೊಳಗೆ ಒಂದು ಪುಟ್ಟ ಉಕ್ಕಿನ ಗುಂಡು ಇರುತ್ತದೆ. ಮೇಲೆ ಹೋದ ಔಷಧಿ ಕೆಳಗೆ ವಾಪಸ್ಸು ಬರದ ಹಾಗೆ ತಡೆಯುವುದು ಅದರ ಕೆಲಸ. ಬಿಚ್ಚುವಾಗ ಅದು ನನ್ನ ಬೆರಳಿಂದ ಜಾರಿ ಮೇಜಿನ ಮೇಲೆ ಬಿತ್ತು. ಅದೇ ಮೇಜಿನ ಮೇಲೆ ರೈತರು, ವ್ಯಾಪಾರಿಗೆ ತೋರಿಸಲು ತಂದ ಕಾಳುಮೆಣಸಿನ ಸ್ಯಾಂಪಲ್ಲನ್ನು ಪೇಪರಿನಲ್ಲಿ ಹರಡಿಕೊಂಡು ಕಡ್ಡಿ ಆರಿಸುತ್ತಾ ಕೂತಿದ್ದರು.

ಇಬ್ಬರೂ ಬಗ್ಗಿ ಹುಡುಕಿದೆವು. ಅವರಿಗೂ ನನ್ನದೇ ವಯಸ್ಸು, ನನ್ನದೇ ಕಣ್ಣು. ಅವರು ಗುಡ್ಡದ ದನ ಎಣಿಸಬಲ್ಲರು, ನಾನು ಅವರ ಲೆಕ್ಕ ಸರಿಯೋ ತಪ್ಪೋ ಹೇಳಬಲ್ಲೆ, ಮೇಜಿನ ಮೇಲಿನ ಗುಂಡು ಮಾತ್ರ ಇಬ್ಬರಿಗೂ ಕಾಣದು. ಕೊನೆಗೆ ಅವರೇ, "ಸಿಕ್ತು ಕಣಪ್ಪ, ತಗೊ" ಎಂದು ಒಂದು ಕರೀ ಗುಂಡನ್ನು ಗ್ರೀಸ್ ಮೆತ್ತಿದ ನನ್ನ ಬೆರಳ ತುದಿಗೆ ಅಂಟಿಸಿದರು. ಗ್ರೀಸಿನೊಳಗೆ ಎಲ್ಲ ಗುಂಡೂ ಒಂದೇ. ಹಾಕಿ ಮುಚ್ಚಿದೆ. ನೀರು ತುಂಬಿ ನೋಡಿದರೆ ಚೆನ್ನಾಗಿಯೇ ಹೊಡೆಯಿತು.

ಆ ವಾರವೇ ಅವರು ಪಂಪು ಹೊತ್ತುಕೊಂಡು ಮತ್ತೆ ಬಂದರು. "ಇದು ನಿಂತೋಗ್ಬುಡ್ತು ಮಾರಾಯ" ಎಂದರು. ಬಿಚ್ಚಿದರೆ ಒಳಗಿನ ಗುಂಡು ನೆನೆದು ಉಬ್ಬಿ ಸಿಪ್ಪೆ ಬಿಟ್ಟಿತ್ತು. ಮೂಗಿನ ಹತ್ತಿರ ಹಿಡಿದೆ. ಸಾರಿನ ಪರಿಮಳ. ಮೂಗಿಗೆ ವಯಸ್ಸಾಗಿಲ್ಲ ಎಂದು ಸಮಾಧಾನವಾಯಿತು. ಹಾಗಾದರೆ ಉಕ್ಕಿನ ಗುಂಡು ಎಲ್ಲಿ ಹೋಯಿತು ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಅವರು ತಲೆ ಕೆರೆದುಕೊಂಡು, "ಅವತ್ತು ಮೆಣಸಿನ ವ್ಯಾಪಾರಿ ಒಣಗೈತಾ ನೋಡ್ತೀನಿ ಅಂತ ಸ್ಯಾಂಪಲ್ಲಲ್ಲಿ ಒಂದು ಕಾಳು ಹಲ್ಲಿಗೆ ಹಾಕಿ ಕಡಿದ್ರು ಕಣಣ್ಣ" ಎಂದರು.

"ಏನಂದ್ರು?"

"ಕೆನ್ನೆ ಹಿಡ್ಕಂಡು ಕೂತಿದ್ರು. ಆಮೇಲೆ, ಇಷ್ಟೊಂದು ಒಣಗಿಸ್ಬಾರ್ದು ಕಣಯ್ಯ ಅಂದ್ರು."

ಅಂಗಿ ಗುಂಡಿ

ಅಂದಿನಿಂದ ನನಗೊಂದು ಕುತೂಹಲ ಹತ್ತಿತು. ನಮ್ಮ ವಯಸ್ಸಿನ ಬೇರೆ ಕಸುಬಿನವರು ಏನು ಮಾಡುತ್ತಾರೆ? ಪಕ್ಕದ ಅಂಗಡಿಯ ಟೈಲರಮ್ಮನಿಗೂ ಐವತ್ತಾಗಿದೆ. ಆಕೆ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವುದನ್ನು ನೋಡಿ ಗುಟ್ಟೇನೆಂದು ಕೇಳಿದೆ.

"ಯಾರ್ಗೂ ಹೇಳ್ಬೇಡಿ ಫಿಟ್ರಣ್ಣ" ಎಂದು ಒಂದು ಅಂಗಿ ಗುಂಡಿ ತೆಗೆದು ನನ್ನ ಕಣ್ಣಿಗೆ ಹಿಡಿದರು. "ಈ ತೂತಲ್ಲಿ ನೋಡಿ."

ನೋಡಿದೆ. ಸೂಜಿಯ ಕಣ್ಣು ನಿಚ್ಚಳವಾಗಿ ಕಂಡಿತು. ದೊಡ್ಡ ಕಣ್ಣಿಗೆ ಕಾಣದ್ದು ಸಣ್ಣ ತೂತಿನಲ್ಲಿ ಕಾಣುವುದು ಹೇಗೆ? ನನಗೆ ಆ ದಿನ ಊಟ ಸೇರಲಿಲ್ಲ. ವಾಷರ್ ಹಿಡಿದು ನೋಡಿದೆ, ತೂತು ದೊಡ್ಡದಾಗಿ ಕೆಲಸಕ್ಕೆ ಬರಲಿಲ್ಲ. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಪುಟ್ಟ ಹಿತ್ತಾಳೆ ಜೆಟ್ಟಿನಲ್ಲಿ ನೋಡಿದೆ, ಎಲ್ಲ ಸ್ಪಷ್ಟ, ಆದರೆ ಕತ್ತಲು. ಪ್ಯಾಂಟಿನ ಗುಂಡಿಗಿಂತ ಅಂಗಿಯ ಗುಂಡಿ ಮೇಲು. ಅಂಗಿಯಲ್ಲೂ ಒಂದೊಂದರ ತೂತು ಒಂದೊಂದು ಥರ. ಎದೆಯ ಹತ್ತಿರದ ಗುಂಡಿ ಬ್ಲೇಡಿನಲ್ಲಿ ಕೊಯ್ಯಲು ಸುಲಭ. ಹೀಗೆ ಪರೀಕ್ಷೆ ಮಾಡುತ್ತಾ ಮಾಡುತ್ತಾ ನನ್ನ ಕಣ್ಣಿಗೆ ತಕ್ಕ ಗುಂಡಿ ಯಾವುದೆಂದು ಕಂಡುಹಿಡಿಯುವ ಹೊತ್ತಿಗೆ ಮನೆಯಲ್ಲಿದ್ದ ಅಂಗಿಗಳೆಲ್ಲ ಬಾಯಿ ತೆರೆದುಕೊಂಡಿದ್ದವು.

ಒಂದು ಸಂಜೆ ನನ್ನ ಹೆಂಡತಿ ಅಂಗಿಗಳ ಗಂಟು ಹಿಡಿದು ಟೈಲರಮ್ಮನ ಅಂಗಡಿಗೆ ಬಂದಳು. ಗೋಡೆಯಾಚೆ ಕೂತ ನನಗೆ ಎಲ್ಲ ಕೇಳಿಸುತ್ತಿತ್ತು.

"ಗುಂಡಿ ಹಾಕ್ಕೊಡಿ ಅಕ್ಕ. ಈ ವಯಸ್ಸಲ್ಲಿ ಇವರು ದಿನಾ ಯಾರ ಜೊತೆ ಕೊರಳಪಟ್ಟಿ ಹಿಡ್ಕಂಡು ಹೊಡೆದಾಡ್ತಾರೋ ಗೊತ್ತಿಲ್ಲ. ಮೈ ಮೇಲೆ ನೋಡಿದ್ರೆ ಒಂದು ಗಾಯಾನೂ ಇಲ್ಲ. ಗೆದ್ದೇ ಬರ್ತಾರೆ ಅನ್ಸುತ್ತೆ."

ಕನ್ನಡಕದ ಅಂಗಡಿ

ಗುಂಡಿಯ ವಿಷಯ ಗೊತ್ತಾದ ದಿನ ಹೆಂಡತಿ ನನ್ನನ್ನು ಎಳೆದುಕೊಂಡೇ ಕನ್ನಡಕದ ಅಂಗಡಿಗೆ ಹೋದಳು. ಅಲ್ಲಿದ್ದವರು ಗೋಡೆಯ ಅಕ್ಷರ ಓದಿಸಿದರು. ಕೊನೆಯ ಸಾಲಿನವರೆಗೂ ಓದಿ, ಅದರ ಕೆಳಗೆ ಗೋಡೆಯ ಮೇಲಿದ್ದ ಇರುವೆ ಎತ್ತ ಹೋಗುತ್ತಿದೆ ಎಂದೂ ಹೇಳಿದೆ. ಹೆಂಡತಿ ನನ್ನ ತೊಡೆ ಚಿವುಟಿದಳು.

"ಮತ್ತೆ ತೊಂದ್ರೆ ಏನು? ಓದೋಕಾ?" ಎಂದರು ಅಂಗಡಿಯವರು.

"ಓದೋದು ಬೇಡ. ಇದರ ತೂತು ಕಾಣೋ ಹಂಗೆ ಕೊಡಿ, ಸಾಕು" ಎಂದು ಜೇಬಿನಿಂದ ಒಂದು ಹಿತ್ತಾಳೆ ಜೆಟ್ ತೆಗೆದು ಅವರ ಕೈಗಿಟ್ಟೆ.

ಅವರು ಅದನ್ನು ಹತ್ತಿರ ತಂದರು. ದೂರ ಹಿಡಿದರು. ಬೆಳಕಿಗೆ ತಿರುಗಿಸಿದರು. "ಇದರಲ್ಲಿ ತೂತು ಎಲ್ಲೈತ್ರೀ?" ಎಂದು ನನ್ನನ್ನೇ ಕೇಳಿದರು. ಆಮೇಲೆ, "ಇರಿ, ನನ್ನ ಕನ್ನಡಕ ಹಾಕ್ಕಂಡು ನೋಡ್ತೀನಿ" ಎಂದು ಮೇಜು ತಡಕಾಡಿದರು. ಗೋಡೆ ತುಂಬ ಕನ್ನಡಕ, ಗಾಜಿನ ಪೆಟ್ಟಿಗೆ ತುಂಬ ಕನ್ನಡಕ, ಅವರದ್ದು ಮಾತ್ರ ಸಿಗಲಿಲ್ಲ. ಕೊನೆಗೆ ನನ್ನ ಹೆಂಡತಿಯೇ ಎದ್ದು ಅವರ ಅಂಗಿ ಜೇಬಿನಿಂದ ಇಣುಕುತ್ತಿದ್ದ ಕನ್ನಡಕದ ಕಡ್ಡಿಯನ್ನು ತೋರಿಸಿದಳು. ನಾನು ಮೆಲ್ಲಗೆ ಹೇಳಿದೆ: "ಸಾರ್, ಗುಂಡಿ ಬೇಕಾದ್ರೆ ನನ್ನ ಹತ್ರ ಐತೆ."

ಅಡ್ಡ ಬಂದ ಟ್ಯಾಂಕು

ಕನ್ನಡಕವೇನೋ ಬಂತು. ಅದನ್ನು ವೇಸ್ಟ್ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನ ತಳದಲ್ಲಿ ಬಚ್ಚಿಟ್ಟೆ. ಯಾರೂ ಇಲ್ಲದಾಗ ಮಾತ್ರ ಹೊರಗೆ ತೆಗೆಯುವುದು. ಹಾಕಿಕೊಂಡರೆ ಸ್ಕ್ರೂವಿನ ಗೀರು ಗದ್ದೆಯ ಬದುವಿನ ಹಾಗೆ ಎದ್ದು ಕಾಣುತ್ತಿತ್ತು. ಆದರೆ ಅದೇ ಕನ್ನಡಕದಲ್ಲಿ ತಲೆ ಎತ್ತಿ ನೋಡಿದರೆ ಮಾರು ದೂರದಲ್ಲಿರುವುದೆಲ್ಲ ಕದಡಿದ ಬಗ್ಗಡ. ಒಂದನ್ನು ಕೊಟ್ಟು ಒಂದನ್ನು ಕಿತ್ತುಕೊಳ್ಳುವ ಈ ವ್ಯವಹಾರವೂ ನನಗೆ ಸೋಜಿಗವೇ.

ಕಾಫಿ ಹಣ್ಣು ಕೊಯ್ಯುವ ಕಾಲ ಹತ್ತಿರ ಬಂತು. ದೋಣಿಗಲ್ ಎಸ್ಟೇಟಿನಿಂದ ಫೋನ್ ಬಂತು. ಹೋದರೆ ಮ್ಯಾನೇಜರ್ ಪಲ್ಪರಿನ ಪಕ್ಕದಲ್ಲೇ ಕಾಯುತ್ತಿದ್ದರು. "ಈ ಸಲ ನೀವೇ ಮಾಡಿ ಫಿಟ್ರೇ. ಬೇಳೆ ಕತ್ತರಿಸಿದ್ರೆ ಮುಂದಿನ ವರ್ಷ ಬೇರೆಯವ್ರು" ಎಂದು ನೇರವಾಗಿಯೇ ಹೇಳಿದರು. ಪಲ್ಪರಿನಲ್ಲಿ ತಿರುಗುವ ಉರುಳೆಗೂ ಎದುರಿನ ತಗಡಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಅದು ಜಾಸ್ತಿಯಾದರೆ ಹಣ್ಣು ಹಾಗೇ ಜಾರುತ್ತದೆ, ಕಮ್ಮಿಯಾದರೆ ಒಳಗಿನ ಬೇಳೆ ಕತ್ತರಿಸಿಹೋಗುತ್ತದೆ. ಅದನ್ನು ಕಣ್ಣಿನಲ್ಲೇ ನೋಡಿ ಕೂರಿಸಬೇಕು. ಮ್ಯಾನೇಜರ್ ಎದುರಿಗಿರುವಾಗ ಕನ್ನಡಕ ತೆಗೆಯುವಂತಿಲ್ಲ. ನಟ್ಟು ಒರೆಸಿದೆ, ಎಣ್ಣೆ ಬಿಟ್ಟೆ, ಒರೆಸಿದ ನಟ್ಟನ್ನೇ ಮತ್ತೆ ಒರೆಸಿದೆ. ಕೊನೆಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟ್ರು ಅತ್ತಲಿಂದ ಏತಕ್ಕೋ ಕರೆದರು, ಮ್ಯಾನೇಜರ್ ಸ್ಟೋರ್ ಕಡೆ ಹೋದರು.

ತಡಮಾಡದೆ ಕನ್ನಡಕ ಏರಿಸಿ ಪಲ್ಪರಿನೊಳಗೆ ತಲೆ ತೂರಿಸಿದೆ. ಸುತ್ತ ಮಾತೇ ಇಲ್ಲ. ನನ್ನ ಕೆಲಸಕ್ಕೆ ಎಷ್ಟು ಮರ್ಯಾದೆ ಕೊಡುತ್ತಾರೆ ನೋಡು ಎಂದು ಹಿಗ್ಗಿದೆ. ಇನ್ನೇನು ಸಂದು ಸರಿಯಾಗಿ ಕೂರಬೇಕು, ಬೆಳಕು ಹೋಯಿತು. ತಲೆ ಎತ್ತಿದೆ. ಕಾಫಿ ಒಣಹಾಕುವ ಕಣದಲ್ಲಿ, ನೀರಿನ ತೊಟ್ಟಿಯ ಪಕ್ಕ, ದೊಡ್ಡ ಕಪ್ಪು ಟ್ಯಾಂಕು. ಬೆಳಗ್ಗೆ ಅಲ್ಲಿ ಏನೂ ಇರಲಿಲ್ಲ. ತಂದವರು ಸರಿಯಾಗಿ ನನ್ನ ಬೆಳಕಿಗೇ ಅಡ್ಡ ಇಟ್ಟಿದ್ದಾರೆ. ಸಿಟ್ಟು ನೆತ್ತಿಗೇರಿತು. ರೈಟ್ರು ಅಲ್ಲೇ ಎಲ್ಲೋ ಇರಬೇಕೆಂದು, ಸ್ಪ್ಯಾನರ್ ಹಿಡಿದ ಕೈ ಬೀಸಿ, "ಬೆಳಕಿಗೆ ಅಡ್ಡ! ಅತ್ಲಾಗೆ, ಅತ್ಲಾಗೆ" ಎಂದು ಗದರಿ ಮತ್ತೆ ಬಗ್ಗಿದೆ.

ಸ್ವಲ್ಪ ಹೊತ್ತಿಗೆ ಬೆಳಕು ಬಂತು. "ಹಾಂ, ಈಗ ಸರಿ" ಎಂದೆ. ಸಂದು ಕೂರಿಸಿ ಬೋಲ್ಟು ಬಿಗಿದೆ. ಮ್ಯಾನೇಜರ್ ಬಂದಾರು ಎಂದು ಕನ್ನಡಕ ತೆಗೆದು ಬಟ್ಟೆಯಲ್ಲಿ ಸುತ್ತಿ, ಟ್ಯಾಂಕನ್ನು ಎಲ್ಲಿಟ್ಟರು ನೋಡೋಣವೆಂದು ತಿರುಗಿದೆ.

ಟ್ಯಾಂಕಿಗೆ ಬಾಲವಿತ್ತು. ಕಣದ ತುದಿಯಲ್ಲಿ ಕಿವಿ ಬೀಸಿಕೊಂಡು, ಅವಸರವಿಲ್ಲದೆ ತೋಟದೊಳಗೆ ಇಳಿಯುತ್ತಿತ್ತು. ದೂರದ್ದು ನನಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಹೇಳಿದೆನಲ್ಲ. ಒಂಟಿ ಸಲಗದ ದಂತಕ್ಕೆ ಮೆತ್ತಿದ ಮಣ್ಣೂ ಕಂಡಿತು. ಸ್ಪ್ಯಾನರ್ ಅಪ್ಪಿಕೊಂಡು ಪಲ್ಪರಿನ ಬುಡದಲ್ಲೇ ಕೂತೆ. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ.

ಆಗ ಸ್ಟೋರಿನ ಬಾಗಿಲು ಸಂದಿನಿಂದ ರೈಟ್ರು, ಅವರ ಹಿಂದೆ ಮ್ಯಾನೇಜರ್ ಹೊರಗೆ ಬಂದರು. ಕೂಗಿದರೆ ಆನೆ ಮೈಮೇಲೆ ಬೀಳುತ್ತದೆಂದು ಎಲ್ಲರೂ ಬಾಯಿ ಮುಚ್ಚಿಕೊಂಡು ನಿಂತಿದ್ದರಂತೆ. ಬಂಗಲೆಯ ಜಗಲಿಯಿಂದ ಎಲ್ಲ ನೋಡಿದ್ದ ಮಾಲೀಕರೂ ಇಳಿದು ಬಂದರು.

"ಕಂಡಿರಾ ಮ್ಯಾನೇಜರೇ?" ಎಂದರು. "ಆನೆ ಪಕ್ಕದಲ್ಲಿ ನಿಂತ್ರೂ ಕೆಲ್ಸ ಬಿಡ್ಲಿಲ್ಲ. ತಲೆ ಎತ್ತಿ ಒಂದ್ಸಲ ನೋಡಿದ್ರು, ಅತ್ಲಾಗೆ ಅಂದ್ರು, ಅದು ಹೋಯ್ತು. ಇವರ ವಯಸ್ಸಿನ ಮಾತು ಇನ್ನೊಂದ್ಸಲ ನನ್ನ ಹತ್ರ ಎತ್ಬೇಡಿ."

ಪಲ್ಪರ್ ಓಡಿಸಿ ನೋಡಿದರು. ಒಂದು ಬೇಳೆಯೂ ಕತ್ತರಿಸಲಿಲ್ಲ. ನಾನು ಇರುವವರೆಗೂ ಆ ಪಲ್ಪರ್ ನನ್ನದೇ ಎಂದು ಮಾಲೀಕರು ಎಲ್ಲರ ಎದುರು ಹೇಳಿದರು. ನನಗೆ ಕಣ್ಣಲ್ಲಿ ನೀರೇ ಬಂತು.

ನಿಜ ಹೇಳಿದ್ದು ಹೆಂಡತಿಯೊಬ್ಬಳಿಗೆ. ಅವಳು ಮೊದಲು ಅತ್ತಳು, ಆಮೇಲೆ ಬೈದಳು, ಆಮೇಲೆ ನಗಲು ಶುರು ಮಾಡಿದವಳು ಇನ್ನೂ ನಿಲ್ಲಿಸಿಲ್ಲ.

ಹೋದ ವಾರ ಬೆಳಗ್ಗೆ ರೈಟ್ರ ಫೋನು ಬಂತು. "ಫಿಟ್ರೇ, ಪಲ್ಪರ್ ಚೆನ್ನಾಗೈತೆ. ಅದು ಮತ್ತೆ ಕಣದಲ್ಲಿ ಬಂದು ನಿಂತೈತೆ. ನೀವ್ ಬಂದು ಒಂದು ಮಾತು ಹೇಳ್ಬೇಕಂತೆ, ಸಾಹುಕಾರ್ರು ಜೀಪ್ ಕಳಿಸ್ತಾವ್ರೆ."

ಹೋಗಲು ಧೈರ್ಯವಿಲ್ಲ, ಹೋಗದಿದ್ದರೆ ಮಾನವಿಲ್ಲ. ಏನು ಹೇಳಲಿ ಎಂದು ಹೆಂಡತಿಯ ಮುಖ ನೋಡಿದೆ. ಅವಳು ಒಳಗೆ ಹೋಗಿ ಟೂಲ್ ಬಾಕ್ಸಿನಿಂದ ಕನ್ನಡಕ ತಂದು, ಸೆರಗಿನಲ್ಲಿ ಚೆನ್ನಾಗಿ ಒರೆಸಿ ನನ್ನ ಮೂಗಿನ ಮೇಲಿಟ್ಟಳು.

"ಹೋಗ್ಬನ್ನಿ. ಇದನ್ನ ಮಾತ್ರ ತೆಗೀಬೇಡಿ. ಟ್ಯಾಂಕೇ ತಾನೆ."