ಸಂಜೀವಪ್ಪ ಎಲ್ಲರನ್ನೂ ಕ್ಷಮಿಸಿದ ದಿನ

ಸಂಜೀವಪ್ಪನ ಬಾಳು ಕೆಟ್ಟಿದ್ದು ಒಂದು ಒಳ್ಳೆಯ ಉಪದೇಶದಿಂದ. ಕೆಟ್ಟ ಉಪದೇಶವಾಗಿದ್ದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಉಪ್ಪಿಟ್ಟು ತಿಂದು ಮರೆತುಬಿಡುತ್ತಿದ್ದರು, ಅವನೂ ಬಚಾವಾಗುತ್ತಿದ್ದ.

ಎಪ್ಪತ್ತೆರಡನೇ ಇಸವಿಯ ದಸರಾ ರಜೆ. ಬೆಂಗಳೂರಿನ ಕಾಲೇಜೊಂದರ ಕ್ರೈಸ್ತ ವಿದ್ಯಾರ್ಥಿ ಸಂಘದವರು ಪ್ರತಿ ವರ್ಷದಂತೆ ಕುಂದಾಣದ ಹತ್ತಿರದ ಮಿಷನ್ ಶಾಲೆಯಲ್ಲಿ ಶಿಬಿರ ಹೂಡಿದ್ದರು. ಮಕ್ಕಳಿಲ್ಲದ ಶಾಲೆ. ಎರಡು ಬೆಂಚು ಜೋಡಿಸಿದರೆ ಮಂಚ, ಹುಣಸೆಮರದ ಕೆಳಗೆ ಪ್ರಾರ್ಥನೆ, ಸುತ್ತ ತೆನೆ ಕಟ್ಟಿದ ರಾಗಿ ಹೊಲ. ಸಂಜೀವಪ್ಪ ಆ ಕಾಲೇಜಿನಲ್ಲಿ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರ್. ಹುಡುಗರನ್ನು ನೋಡಿಕೊಳ್ಳಲು ಬಂದಿದ್ದಾನೆ ಎಂಬುದು ಹೆಸರಿಗೆ. ನಿಜವಾಗಿ ಬಂದಿದ್ದು ಸುಗುಣಳಿಗಾಗಿ.

ಸುಗುಣ ಸೂಲಿಬೆಲೆಯ ಸ್ಕೂಲಿನಲ್ಲಿ ಟೀಚರು. ಅವಳ ತಂದೆ ಪ್ರಭುದಾಸ ಮೇಷ್ಟ್ರು ಶಿಬಿರದ ಹಿರಿಯರು. ಅವಳೇ ಮುಂದಾಗಿ ಅಪ್ಪನ ಹತ್ತಿರ ಸಂಜೀವಪ್ಪನ ಹೆಸರು ಹೇಳಿದ್ದಳು. ಯಾಕೆ ಹೇಳಿದಳೆಂದು ಅವನಿಗೂ ಗೊತ್ತಿರಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಾಯಿಸುತ್ತಾಳೋ ಎಂದು ಕೇಳಿರಲೂ ಇಲ್ಲ. ಮೇಷ್ಟ್ರಿಗೆ ಇದ್ದದ್ದು ಒಂದೇ ಅಳುಕು.

"ನೋಡಪ್ಪಾ ಸಂಜೀವಪ್ಪ, ಓದಿದೀಯ, ಕೆಲಸ ಇದೆ, ಎಲ್ಲಾ ಸರಿ. ಆದ್ರೆ ನಿನಗೆ ಮೂಗಿನ ತುದೀಲೇ ಸಿಟ್ಟು. ಈ ಶಿಬಿರ ಮುಗಿಯೋ ತನಕ ನಿನ್ನ ಬಾಯಿಂದ ಒಂದೇ ಒಂದು ಸಿಟ್ಟಿನ ಮಾತು ಬರದೇ ಇದ್ರೆ, ಕೊನೇ ದಿನ ಸಾಯಂಕಾಲ ಎಲ್ಲರ ಮುಂದೆ ಮಾತು ಕೊಡ್ತೀನಿ. ಬಂತೋ, ನಿನ್ನ ದಾರಿ ನಿನಗೆ."

ಸಂಜೀವಪ್ಪ ಒಪ್ಪಿದ್ದ. ರಾತ್ರಿ ಬೆಂಚು ಸರಿದು ನಡುವೆ ಬಿದ್ದಾಗಲೂ ನಕ್ಕಿದ್ದ, ಅನ್ನದಲ್ಲಿ ಕಲ್ಲು ಸಿಕ್ಕಿ ಹಲ್ಲು ಜುಂ ಎಂದಾಗಲೂ ನಕ್ಕಿದ್ದ. ಹೀಗೆ ನಗುತ್ತಲೇ ಕೊನೆಯ ದಿನದ ಬೆಳಿಗ್ಗೆಗೆ ಬಂದು ಮುಟ್ಟಿದ್ದ. ಅಷ್ಟರಲ್ಲಿ ಬೆಂಗಳೂರಿನಿಂದ ಬಂದಿದ್ದ ಬೋಧಕರು ಎದ್ದು ನಿಂತರು.

"ಇವತ್ತು ಹೊತ್ತು ಮುಳುಗೋದ್ರೊಳಗೆ ನಿಮ್ಮ ನಿಮ್ಮ ಮನಸ್ಸು ತೊಳ್ಕೊಳ್ಳಿ. ಯಾರಿಗೆ ಅನ್ಯಾಯ ಮಾಡಿದೀರೋ ಅವರ ಹತ್ರ ಹೋಗಿ ಹೇಳಿಬಿಡಿ. ಕೇಳಿಸಿಕೊಂಡವರು 'ಕ್ಷಮಿಸಿದ್ದೇನೆ' ಅಂತ ಕೈ ಕುಲುಕಬೇಕು. ಮತ್ತೆ ಆ ಮಾತು ಎತ್ತಬಾರದು."

ಆಮೆನ್ ಎಂದರು ಎಲ್ಲರೂ. ಸಂಜೀವಪ್ಪ ಎಲ್ಲರಿಗಿಂತ ಜೋರಾಗಿ ಆಮೆನ್ ಎಂದ, ಮೇಷ್ಟ್ರಿಗೆ ಕೇಳಿಸಲಿ ಎಂದು.

ಮೊದಲು ಬಂದವನು ಸಾಮುವೇಲ. ಫಿಸಿಕ್ಸ್ ವಿಭಾಗದವನು, ಸಂಜೀವಪ್ಪನ ರೂಮಿನಲ್ಲೇ ಇರುವವನು.

"ಲೋ ಸಂಜೀವ, ಹೋದ ವರ್ಷ ಕ್ಯಾಂಪಲ್ಲಿ ನಿನ್ನ ಸ್ವೆಟರ್ ಕಳೆದುಹೋಯ್ತಲ್ಲ, ನಿಮ್ಮಮ್ಮ ಹೆಣೆದಿದ್ದು?"

"ಹೌದು ಕಣೋ. ಆ ನೀಲಿ ಸ್ವೆಟರು. ಊರೆಲ್ಲಾ ಹುಡುಕಿದ್ವಲ್ಲ, ನೀನೂ ಹುಡುಕಿದೆಯಲ್ಲ ಪಾಪ."

"ಇದೇ ಅದು." ಸಾಮುವೇಲ ತನ್ನ ಎದೆ ಮುಟ್ಟಿ ತೋರಿಸಿದ. "ಗೊತ್ತಾಗಬಾರದು ಅಂತ ಕಾಫಿಪುಡಿ ಬಣ್ಣ ಹಾಕಿಸಿದೆ. ಮನಸ್ಸು ಚುಚ್ಚುತ್ತಿತ್ತು ಕಣೋ, ಹಾಕ್ಕೊಂಡಾಗಲೆಲ್ಲ."

ಸಂಜೀವಪ್ಪನ ಬಾಯಿ ತೆರೆಯಿತು. ಜಗಲಿಯ ಕುರ್ಚಿಯಲ್ಲಿ ಕೂತ ಪ್ರಭುದಾಸ ಮೇಷ್ಟ್ರ ಕನ್ನಡಕ ಇತ್ತಲೇ ತಿರುಗಿತ್ತು. ಬಾಯಿ ಮುಚ್ಚಿ, ಗಂಟಲಿನಿಂದ ಎಳೆದು ತೆಗೆದಂತೆ, "ಕ್ಷಮಿಸಿದ್ದೇನೆ" ಎಂದ.

"ಹಾಗಾದ್ರೆ ಸ್ವೆಟರು?"

"ಏನು ಸ್ವೆಟರು?"

"ಕ್ಷಮಿಸಿದ ಮೇಲೆ ಆ ಮಾತು ಎತ್ತೋ ಹಾಗಿಲ್ಲ ಅಂದ್ರಲ್ಲ. ಹಾಗಾದ್ರೆ ವಾಪಸ್ಸೂ ಕೇಳೋ ಹಾಗಿಲ್ಲ ಅಲ್ವಾ?" ಸಾಮುವೇಲ ತಲೆಸ್ನಾನ ಮಾಡಿ ಬಂದವನಷ್ಟು ಹಗುರವಾಗಿ ಹೊರಟುಹೋದ, ಸ್ವೆಟರಿನ ಸಮೇತ.

ಈ ತಪ್ಪೊಪ್ಪಿಗೆಯ ವ್ಯವಹಾರದಲ್ಲಿ ಒಂದು ಮೋಸವಿದೆ, ಯಾವ ಬೋಧಕರೂ ಅದನ್ನು ಹೇಳುವುದಿಲ್ಲ. ತಪ್ಪು ಮಾಡಿದವನ ಭಾರ ಇಳಿಯುತ್ತದೆ ನಿಜ. ಆದರೆ ಇಳಿದದ್ದು ಗಾಳಿಯಲ್ಲಿ ಹಾರಿಹೋಗುವುದಿಲ್ಲ, ಕೇಳಿಸಿಕೊಂಡವನ ತಲೆಯ ಮೇಲೆ ಬಂದು ಕೂರುತ್ತದೆ. ನಿನ್ನೆಯವರೆಗೆ ಒಂದು ಸ್ವೆಟರ್ ಕಳೆದುಕೊಂಡು ನೆಮ್ಮದಿಯಾಗಿದ್ದ ಮನುಷ್ಯ ಇವತ್ತು ಒಬ್ಬ ಸ್ನೇಹಿತನನ್ನೂ ಕಳೆದುಕೊಂಡ. ಅದಕ್ಕೆ ಕೈ ಬೇರೆ ಕುಲುಕಬೇಕಂತೆ!

ಸಂಜೀವಪ್ಪ ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರು ಚಿಮುಕಿಸಿಕೊಳ್ಳುತ್ತಿದ್ದ. ದಾವೀದ ಎಂಬ ಬಿ.ಎಸ್ಸಿ. ಹುಡುಗ ಕೈಕಟ್ಟಿಕೊಂಡು ಬಂದ.

"ಸಾರ್, ನಿಮ್ಮ ಸೈಕಲ್ ಮುಂದಿನ ಚಕ್ರ ಸೊಟ್ಟ ಆಗಿತ್ತಲ್ಲ ಸಾರ್. ನಾನೇ ಸಾರ್. ಕೇಳದೆ ತಗೊಂಡು ಹೋಗಿ ಲಾರಿಗೆ ಗುದ್ದಿದೆ."

ಸಂಜೀವಪ್ಪ ಆ ಚಕ್ರಕ್ಕಾಗಿ ಸೈಕಲ್ ಅಂಗಡಿ ಇಮಾಮ್ ಸಾಬರ ಮೇಲೆ ಹಾರಾಡಿ, ರಿಪೇರಿಗೆ ಕೊಟ್ಟಾಗ ಅವರೇ ಹಾಳುಮಾಡಿದರೆಂದು ಬೀದಿಯೆಲ್ಲ ಕೇಳುವಂತೆ ಕೂಗಾಡಿದ್ದ. ಅಂದಿನಿಂದ ಆ ಬೀದಿಯಲ್ಲೇ ಅವನು ತಲೆಹಾಕುವಂತಿರಲಿಲ್ಲ.

"ಕ್ಷಮಿಸಿದ್ದೇನೆ" ಎಂದ, ಬಾವಿಯ ಹಗ್ಗ ಹಿಸುಕುತ್ತ.

"ಥ್ಯಾಂಕ್ಸ್ ಸಾರ್. ಇನ್ನೊಂದು ಸಾರ್. ನಿಮಗೆ ಪಂಪ್ ಸ್ಟೌ ಅಂತ ಹೆಸರಿಟ್ಟಿದ್ದೂ ನಾನೇ ಸಾರ್."

"ನನಗೆ ಹೆಸರಿದೆಯಾ?"

"ನಿಮಗೆ ಗೊತ್ತಿಲ್ವಾ ಸಾರ್?" ಹುಡುಗ ಬೆರಗಾದ. "ಸ್ವಲ್ಪ ಪಂಪ್ ಹೊಡೆದ್ರೆ ಸಾಕು, ಬುಸ್ಸಂತ ಹತ್ಕೊಳ್ತೀರಲ್ಲ ಸಾರ್, ಅದಕ್ಕೆ. ಈಗ ಪ್ರಿನ್ಸಿಪಾಲರೂ ಹಾಗೇ ಅಂತಾರೆ ಸಾರ್."

ಸಂಜೀವಪ್ಪ ಬುಸ್ಸೆನ್ನಲು ಎಳೆದುಕೊಂಡ ಉಸಿರನ್ನು ಹಾಗೇ ಒಳಗೆ ನುಂಗಿದ. ಕಣ್ಣಲ್ಲಿ ನೀರು ಬಂತು. ಹುಡುಗ ಅದನ್ನು ಭಕ್ತಿಯೆಂದು ತಿಳಿದು ತಾನೂ ಕಣ್ಣೊರೆಸಿಕೊಂಡ.

ಅಡಿಗೆಯವನು ಪಾಪಯ್ಯ ಸಂಘದವನೇನಲ್ಲ, ಬೋಧನೆ ಅವನಿಗೆ ಹೇಳಿದ್ದೂ ಅಲ್ಲ. ಆದರೂ ಪುಕ್ಕಟೆ ಸಿಗುವ ಕ್ಷಮೆ ಯಾರಿಗೆ ಬೇಡ? ಸೌಟು ಹಿಡಿದುಕೊಂಡೇ ಬಂದ.

"ಸಂಜೀವಪ್ಪೋರೇ, ಹೋದ ವರ್ಷ ಎಲ್ರಿಗೂ ಹೊಟ್ಟೆ ಕೆಟ್ಟು, ನೀವು ನೀರು ಸರ್ಯಾಗಿ ಕಾಯಿಸ್ಲಿಲ್ಲ ಅಂತ ನಿಮ್ಮನ್ನ ಕಮಿಟಿಯಿಂದ ತೆಗೆದ್ರಲ್ಲ. ನೀರಲ್ಲ ಅದು. ಹಿಂದಿನ ದಿನದ ಸಾರು. ಹಳಸಿತ್ತು, ಒಗ್ಗರಣೆ ಹಾಕಿ ಬಡಿಸಿಬಿಟ್ಟೆ."

"ಆಗ ಹೇಳೋಕೇನಾಗಿತ್ತು ಪಾಪಯ್ಯ?"

"ಆಗ ಹೇಳಿದ್ರೆ ನೀವು ಬೈತಿದ್ರಿ. ಇವತ್ತು ಬಯ್ಯೋಹಾಗಿಲ್ವಂತಲ್ಲ."

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಊರಿನಲ್ಲೂ ಸುದ್ದಿ ಹರಡಿತ್ತು: ಇಸ್ಕೂಲಿನಲ್ಲಿ ಒಬ್ಬ ಸ್ವಾಮಿ ಇದ್ದಾರೆ, ಏನು ಮಾಡಿದ್ದರೂ ಮಾಫು ಮಾಡುತ್ತಾರೆ, ಒಂದು ಮಾತೂ ಅನ್ನುವುದಿಲ್ಲ. ಶಿಬಿರಕ್ಕೆ ಮಜ್ಜಿಗೆ ತಂದುಕೊಡುತ್ತಿದ್ದ ಲಕ್ಕಮ್ಮ ಮಡಕೆ ಇಳಿಸಿ, ಸೆರಗು ಕೈಗೆ ಸುತ್ತಿಕೊಂಡು ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಸ್ವಾಮೇರಾ, ಮಜ್ಗೆಗೆ ನೀರು ಹಾಕ್ತಿದ್ದೆ ಕಣ್ರಪ್ಪಾ."

"ಕ್ಷಮಿಸಿದ್ದೇನೆ ತಾಯಿ."

"ಇವತ್ತೂ ಹಾಕಿವ್ನಿ. ಅದ್ನೂ ಸೇರಿಸ್ಬುಡಿ." ಸ್ವಲ್ಪ ಯೋಚಿಸಿ ಹೇಳಿದಳು, "ಮುಂದ್ಲ ವರ್ಸ ಹಾಕೋದಿದ್ರೆ, ಅದ್ನೂ ಈಗ್ಲೇ ಹೇಳ್ಬುಡ್ಲಾ?"

ಪ್ರಭುದಾಸ ಮೇಷ್ಟ್ರು ಜಗಲಿಯ ಮೇಲೆ ಮೆಚ್ಚುಗೆಯಿಂದ ತಲೆದೂಗುತ್ತಿದ್ದರು. ಸಂಜೀವಪ್ಪ ಆ ತಲೆಯೊಂದನ್ನೇ ನೋಡುತ್ತ ಮಧ್ಯಾಹ್ನ ಕಳೆದ. ಒಳಗೆ ಕುದಿಯುತ್ತಿದ್ದ ಸಿಟ್ಟಿನಲ್ಲಿ ಬೇಕಾದರೆ ಶಿಬಿರದ ಸಾಯಂಕಾಲದ ಅಡಿಗೆ ಮಾಡಬಹುದಿತ್ತು. ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು, ಸುಗುಣ ಸಿಗುತ್ತಾಳೆ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಬಿಸಿಲು ಹಳದಿಯಾಗುವಾಗ ಜಯಶೀಲ ಬಂದ. ಚರ್ಚಿನ ಗಾಯನವೃಂದದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವವನು, ಹಾಸ್ಯಗಾರ ಎಂದು ಹೆಸರಾದವನು. ಬಂದವನೇ ಸಂಜೀವಪ್ಪನ ಹೆಗಲ ಮೇಲೆ ಕೈ ಹಾಕಿದ.

"ಗುರು, ನಿನಗೆ ಹೇಳಿದ್ರೇ ಸರಿ. ಸುಗುಣಂಗೆ ಮೊದಲು ಹೊಸಕೋಟೆ ಕಡೆ ಸಂಬಂಧ ಗೊತ್ತಾಗಿ ಮುರೀತಲ್ಲ, ಅದು ನನ್ನಿಂದ. ಕಾಂಪೌಂಡರ್ ಒಬ್ಬನ ಜೊತೆ ಇಲ್ಲೇ ಪಕ್ಕದ ವಿಜಯಪುರದ ಟೆಂಟ್ ಸಿನಿಮಾದಲ್ಲಿ ಅವಳನ್ನ ನೋಡಿದೆ ಅಂತ ನಾಲ್ಕು ಜನರ ಮುಂದೆ ಅಂದುಬಿಟ್ಟಿದ್ದೆ."

"ನೋಡಿದ್ದೆಯಾ?"

"ಎಲ್ಲಿ ಗುರು! ಸುಮ್ಮನೆ ನಗೋಕೆ ಅಂದಿದ್ದು. ಆದ್ರೆ ನೋಡು, ನಿನಗೆ ಒಳ್ಳೇದೇ ಆಯ್ತು. ಆ ಸಂಬಂಧ ಮುರಿಯದಿದ್ರೆ ನಿನಗೆಲ್ಲಿ ಸಿಗ್ತಿದ್ಲು? ಒಂದು ಲೆಕ್ಕಕ್ಕೆ ನೀನೇ ನನಗೆ ಥ್ಯಾಂಕ್ಸ್ ಹೇಳಬೇಕು."

ಆ ಮಾತು ಹರಡಿದಾಗ ಸುಗುಣ ಮನೆಯಿಂದ ಹೊರಗೇ ಬಾರದೆ ಕೂತಿದ್ದಳೆಂದು ಸಂಜೀವಪ್ಪ ಕೇಳಿದ್ದ. ಆ ಸುಳ್ಳು ಹುಟ್ಟಿಸಿದವನು ಯಾರೆಂದು ಗೊತ್ತಾದರೆ ಹಲ್ಲು ಉದುರಿಸುತ್ತೇನೆಂದು ತನ್ನೊಳಗೇ ಶಪಥವನ್ನೂ ಮಾಡಿದ್ದ. ಈಗ ಆ ಹಲ್ಲುಗಳು ಅವನ ಮುಂದೆಯೇ ಕಿಸಿದು ನಿಂತಿದ್ದವು. ಮುಷ್ಟಿ ತಾನಾಗಿ ಬಿಗಿಯಿತು. ಅಷ್ಟರಲ್ಲಿ ಜಗಲಿಯಿಂದ ಮೇಷ್ಟ್ರ ಕೆಮ್ಮು ಕೇಳಿಸಿತು.

ಸಂಜೀವಪ್ಪ ಮುಷ್ಟಿ ಬಿಚ್ಚಿ, ಅದೇ ಕೈಯನ್ನು ಮುಂದೆ ಚಾಚಿದ. "ಕ್ಷಮಿಸಿದ್ದೇನೆ" ಎಂದ. ನಕ್ಕ ಕೂಡ.

"ನೀನು ದೇವರಂಥ ಮನುಷ್ಯ ಗುರು! ಹಾಗೇ ಸುಗುಣಮ್ಮೋರ ಹತ್ರಾನೂ ಹೋಗಿ ಹೇಳಿಬಿಡ್ತೀನಿ" ಎಂದು ಜಯಶೀಲ ಹೆಣ್ಣುಮಕ್ಕಳ ಕೊಠಡಿಯ ಕಡೆ ನಡೆದ.

ಸಾಯಂಕಾಲ ಎಲ್ಲರೂ ಹುಣಸೆಮರದ ಕೆಳಗೆ ಸೇರಿದರು. ಸೂರ್ಯ ರಾಗಿ ಹೊಲದ ಮೇಲೆ ಇನ್ನೂ ಒಂದಾಳೆತ್ತರದಲ್ಲಿದ್ದ. ಮೇಷ್ಟ್ರು ಎದ್ದು ಗಂಟಲು ಸರಿಮಾಡಿಕೊಂಡರು.

"ಈ ಹುಡುಗನ್ನ ಬೆಳಿಗ್ಗೆಯಿಂದ ನೋಡ್ತಿದೀನಿ. ಎಷ್ಟು ಜನ ಬಂದ್ರು, ಏನೇನು ಅಂದ್ರು! ಒಂದು ಮಾತು, ಒಂದೇ ಒಂದು ಮಾತು ಜೋರಾಗಿ ಆಡ್ಲಿಲ್ಲ. ನನ್ನ ಮಗಳನ್ನ ಇವನಿಗೆ ಕೊಡೋಕೆ ಸಂತೋಷವಾಗಿ ಒಪ್ಪಿದೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಲಿಯ ಆಚೆ ನಿಂತಿದ್ದ ಲಕ್ಕಮ್ಮನೂ ತಟ್ಟಿದಳು. ಸುಗುಣ ಎದ್ದು ನಿಂತಳು. ಅವಳ ಕಣ್ಣು ಕೆಂಪಾಗಿತ್ತು.

"ಅಪ್ಪಾ, ನನಗೆ ಈ ಸಂಬಂಧ ಬೇಡ."

ಸಂಜೀವಪ್ಪ, "ಯಾಕೆ? ನಾನೇನು ಮಾಡಿದೆ?" ಎಂದ.

"ಏನೂ ಮಾಡ್ಲಿಲ್ಲ. ಅದೇ." ಅವಳ ಧ್ವನಿ ನಡುಗುತ್ತಿತ್ತು, ಅಳುವಿನಿಂದಲ್ಲ, ಸಿಟ್ಟಿನಿಂದ. "ದೇವನಹಳ್ಳಿ ಬಸ್ ಸ್ಟ್ಯಾಂಡಲ್ಲಿ ಒಂದು ಸಲ ಕಂಡಕ್ಟರು ಮುದುಕಿಯೊಬ್ಬಳ ಕೋಳಿಬುಟ್ಟಿ ಕೆಳಕ್ಕೆ ಎಸೆದ. ಬಸ್ಸಿಗೆ ಬಸ್ಸೇ ನೋಡ್ತಾ ಕೂತಿತ್ತು. ನೀವೊಬ್ರು ಬಸ್ಸಿಗೆ ಅಡ್ಡ ನಿಂತು, ಆಯಮ್ಮನ್ನ ಹತ್ತಿಸಿಕೊಳ್ಳೋ ತನಕ ಕೂಗಾಡಿದ್ರಿ. ನಿಮಗೆ ಆಯಮ್ಮ ಯಾರು ಅಂತಾನೂ ಗೊತ್ತಿರಲಿಲ್ಲ. ಆ ಸಿಟ್ಟು ನೋಡೇ ನಾನು ಅಪ್ಪನ ಹತ್ರ ನಿಮ್ಮ ಹೆಸರು ಹೇಳಿದ್ದು. ಇವತ್ತು ಜಯಶೀಲ ನನ್ನ ಮುಂದೆ ಬಂದು, ಸಂಜೀವಪ್ಪ ಆಗ್ಲೇ ಕೈ ಕುಲುಕಿ ನಕ್ಕುಬಿಟ್ರು, ನೀವೂ ಕ್ಷಮಿಸಿಬಿಡಿ ಅಂದ್ರು. ಕೋಳಿಬುಟ್ಟಿಗೆ ಬಂದ ಸಿಟ್ಟು ನನಗೋಸ್ಕರ ಬರ್ಲಿಲ್ವಾ?"

"ಬಂತು ಸುಗುಣ! ಇಲ್ಲೀ ತನಕ ಬಂದಿತ್ತು!" ಸಂಜೀವಪ್ಪ ಗಂಟಲು ಮುಟ್ಟಿ ತೋರಿಸಿದ.

"ಎಲ್ಲಿ? ನನಗೆ ಕಾಣಿಸ್ಲಿಲ್ವಲ್ಲ."

ಆಗ ಪಂಪ್ ಸ್ಟೌ ಸಿಡಿಯಿತು. ಬೆಳಗಿನಿಂದ ನುಂಗಿದ್ದೆಲ್ಲ ಒಂದೇ ಸಲ ಮೇಲೆ ಬಂತು. ಸಂಜೀವಪ್ಪ ಗರ್ಜಿಸುತ್ತ ಹಾರಿ, ಪಕ್ಕದಲ್ಲೇ ಕೂತಿದ್ದ ಸಾಮುವೇಲನ ಎದೆಗೆ ಕೈಹಾಕಿದ.

"ಬಿಚ್ಚೋ ಕಳ್ಳಾ ನನ್ನ ಸ್ವೆಟರು! ನಮ್ಮಮ್ಮ ಹೆಣೆದಿದ್ದು ಕಣೋ ಅದು!"

ಪರ್ರನೆ ಸ್ವೆಟರಿನ ತೋಳು ಕಿತ್ತು ಬಂತು. ಅದನ್ನೇ ಬೀಸುತ್ತ ದಾವೀದನ ಕಡೆ ತಿರುಗಿದ. "ಯಾರೋ ಸ್ಟೌ? ಇಮಾಮ್ ಸಾಬರ ಮುಂದೆ ನನ್ನ ಮಾನ ಕಳೆದೆಯಲ್ಲೋ ಕತ್ತೆ!" ಪಾಪಯ್ಯ ಸೌಟು ಬಿಟ್ಟು ಓಡಿದ. "ನಿಲ್ಲೋ ಹಳಸಿದ ಸಾರೇ!" ಬೇಲಿಯ ಕಡೆ ನೋಡಿ, "ನೀರು ಮಾರೋಳೇ!" ಎಂದೂ ಕೂಗಿದ. ಕೊನೆಗೆ ಜಯಶೀಲ ನೆನಪಾಗಿ ಅತ್ತ ನುಗ್ಗುವಷ್ಟರಲ್ಲಿ ಹುಡುಗರು ಅವನ ಸೊಂಟ, ಕೈಕಾಲು ಎಲ್ಲ ಹಿಡಿದುಕೊಂಡಿದ್ದರು.

ಸುಗುಣ ಎಲ್ಲವನ್ನೂ ನೋಡಿದಳು. ಉಳಿದಿದ್ದ ಅಷ್ಟಿಷ್ಟು ಆಸೆಯೂ ಅವಳ ಮುಖದಿಂದ ಇಳಿದುಹೋಯಿತು.

"ಮೊದಲು ಸ್ವೆಟರು. ಆಮೇಲೆ ಸೈಕಲ್ಲು, ಆಮೇಲೆ ಸಾರು, ಆಮೇಲೆ ಮಜ್ಜಿಗೆ. ನನ್ನ ಸರದಿ ಬರೋ ಹೊತ್ತಿಗೆ ನಿಮ್ಮನ್ನ ಹಿಡ್ಕೊಂಡಾಗಿತ್ತು" ಎಂದು ಹೇಳಿ, ಕೊಠಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪ್ರಭುದಾಸ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಾನೂ ಕೊಟ್ಟ ಮಾತು ವಾಪಸ್ ತಗೊಂಡೆ ಕಣಪ್ಪ" ಎಂದರು.

ಅಪ್ಪನಿಗೆ ಇವನ ಸಿಟ್ಟು ಹೆಚ್ಚಾಯಿತು, ಮಗಳಿಗೆ ಕಡಿಮೆಯಾಯಿತು. ಇಬ್ಬರ ನಡುವೆ ಸಂಜೀವಪ್ಪ ಕೈಯಲ್ಲೊಂದು ತೋಳು ಹಿಡಿದು ನಿಂತಿದ್ದ. ಆಗ ಬೋಧಕರು ನಿಧಾನವಾಗಿ ಬಂದು ಅವನ ಬೆನ್ನು ತಟ್ಟಿದರು.

"ಹೊತ್ತು ಇನ್ನೂ ಪೂರ್ತಿ ಮುಳುಗಿಲ್ಲ ತಮ್ಮಾ. ಇವರಿಗೆಲ್ಲ ಈಗ ನೀನು ಬೈದೆಯಲ್ಲ. ಹೋಗು, ಒಬ್ಬೊಬ್ಬರ ಹತ್ರಾನೂ ಕ್ಷಮೆ ಕೇಳು."

ಎದುರಾಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಹೋದ. ದಾವೀದ, "ಪರವಾಗಿಲ್ಲ ಸಾರ್, ಸ್ಟೌ ಅಂದಮೇಲೆ ಇದೆಲ್ಲ ಇದ್ದದ್ದೇ" ಎಂದು ದೊಡ್ಡ ಮನಸ್ಸಿನಿಂದ ಕೈ ಕೊಟ್ಟ. ಪಾಪಯ್ಯ ಕ್ಷಮಿಸಿ, ಇನ್ನು ಮೇಲೆ ಊಟದ ವಿಷಯಕ್ಕೆ ಮಾತಾಡಬಾರದು ಎಂದು ಬುದ್ಧಿ ಹೇಳಿದ. ಲಕ್ಕಮ್ಮ, "ಯೋಚ್ನೆ ಮಾಡಿ ನಾಳೀಕೆ ಯೋಳ್ತೀನಿ" ಎಂದು ಮಡಕೆ ಎತ್ತಿಕೊಂಡಳು. ಜಯಶೀಲ ಎಲ್ಲರ ಎದುರಿಗೆ ತಬ್ಬಿಕೊಂಡು, "ನಾನು ಯಾವತ್ತೂ ಮನಸ್ಸಲ್ಲಿ ಇಟ್ಕೊಳ್ಳೋನಲ್ಲ ಗುರು" ಎಂದ.

ಕೊನೆಗೆ ಉಳಿದವನು ಸಾಮುವೇಲ. ಒಂಟಿ ತೋಳಿನ ಸ್ವೆಟರಿನಲ್ಲಿ ಚಳಿಗೆ ಮುದುಡಿ ಕೂತಿದ್ದ.

"ಕ್ಷಮಿಸೋ ಸಾಮುವೇಲ" ಎಂದ ಸಂಜೀವಪ್ಪ.

"ಕ್ಷಮಿಸಿದ್ದೇನೆ ಬಿಡೋ. ನಾವೇನು ಬೇರೆಯವರಾ?" ಸಾಮುವೇಲ ಸ್ವೆಟರ್ ಬಿಚ್ಚಿ, ಮಡಚಿ, ಅವನ ಕೈಗಿಟ್ಟ. ಸಂಜೀವಪ್ಪ, ಇಡೀ ದಿನದಲ್ಲಿ ಇದೊಂದಾದರೂ ವಾಪಸ್ಸು ಬಂತಲ್ಲ ಎಂದು ಎದೆಗೊತ್ತಿಕೊಂಡ.

"ಊರಿಗೆ ಹೋದಾಗ ನಿಮ್ಮಮ್ಮನ ಹತ್ರ ತೋಳು ಹೊಲಿಸಿಕೊಂಡು ಬಾ" ಎಂದ ಸಾಮುವೇಲ. "ನೂಲು ಮಾತ್ರ ಕಾಫಿಪುಡಿ ಬಣ್ಣದ್ದೇ ಇರಲಿ. ನೀಲಿ ಹಾಕಿದ್ರೆ ನನಗೆ ಒಪ್ಪೋದಿಲ್ಲ."